ವೈರಿಯನ್ನು ಪ್ರೀತಿಸುವುದು ಸಾಧ್ಯವೇ? – ಕಲಬುರಗಿ ಕೋಟೆ ಹೇಳುವ ಕಥೆ



ಚರಿತ್ರೆಯ ಪಾಠದಲ್ಲಿ ಯುದ್ಧಗಳ ಇಸವಿಗಳನ್ನು ನೀವು ಬಾಯಿಪಾಠ ಮಾಡಿರುತ್ತೀರಿ. ಯಾರು ಯಾರ ಮೇಲೆ ಏರಿಹೋದರು, ಯಾರು ಗೆದ್ದರು, ಯಾವ ಸೀಮೆ ಯಾರ ಪಾಲಾಯಿತು ಎಂಬುದನ್ನು ಪರೀಕ್ಷೆಯಲ್ಲಿ ಕೇಳುತ್ತಾರೆ. ಗೆದ್ದವನು ಸೋತವನನ್ನು ಹೇಗೆ ನಡೆಸಿಕೊಂಡ, ಸೋತವನ ಮಕ್ಕಳು ಆ ನೋವನ್ನು ಏನು ಮಾಡಿದರು ಎಂಬ ಪ್ರಶ್ನೆ ಮಾತ್ರ ಪ್ರಶ್ನೆಪತ್ರಿಕೆಯಲ್ಲಿ ಬರುವುದು ಅಪರೂಪ. ಈ ಬಾರಿಯ ಮಾತುಕತೆಯಲ್ಲಿ ಆ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ.

ನಮ್ಮ ಮುಂದೆ ಎರಡು ಸಂಗತಿಗಳಿವೆ. ಮೊದಲನೆಯದು, ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಗಲಿಲಾಯ ಸೀಮೆಯ ಬೆಟ್ಟವೊಂದರ ಮೇಲೆ ಯೇಸು ಕ್ರಿಸ್ತರು ಮಾಡಿದರೆಂದು ಸುವಾರ್ತೆಯಲ್ಲಿ ಬರುವ ಬೋಧನೆ. ನೆರೆಯವನನ್ನಷ್ಟೇ ಅಲ್ಲ, ವೈರಿಯನ್ನೂ ಪ್ರೀತಿಸಬೇಕು ಎಂಬುದು ಅದರ ಸಾರ. ಎರಡನೆಯದು, ನಮ್ಮದೇ ಕಲಬುರಗಿ ಕೋಟೆ. ಗಲಿಲಾಯದ ಬೆಟ್ಟಕ್ಕೂ ಕಲಬುರಗಿಯ ಕೋಟೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಆ ಬೋಧನೆ ಎಷ್ಟು ಕಷ್ಟದ್ದು, ಆದರೂ ಮನುಷ್ಯ ಅದನ್ನು ಪೂರ್ತಿ ಮರೆಯಲಾರದೆ ಹೋದದ್ದು ಹೇಗೆ ಎಂಬುದನ್ನು ಈ ಕೋಟೆಯ ಚರಿತ್ರೆ ಚೆನ್ನಾಗಿ ತೋರಿಸುತ್ತದೆ. ಸ್ವಲ್ಪ ತಾಳ್ಮೆಯಿಂದ ನೋಡೋಣ.

ಬೆಟ್ಟದ ಮೇಲಿನ ಬೋಧನೆ

ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಈ ಬೋಧನೆ ಬರುತ್ತದೆ. ಅದು ಹೇಳಲ್ಪಟ್ಟ ಕಾಲವನ್ನು ಗಮನಿಸಿ. ಆಗ ಆ ನಾಡು ರೋಮನ್ ಸಾಮ್ರಾಜ್ಯದ ಹಿಡಿತದಲ್ಲಿತ್ತು. ಪರದೇಶದ ಸಿಪಾಯಿಗಳು, ಅವರ ಪರವಾಗಿ ತೆರಿಗೆ ಕೀಳುವ ಸುಂಕದವರು, ಇವರನ್ನು ಕಂಡರೆ ಜನರಿಗೆ ಆಗುತ್ತಿರಲಿಲ್ಲ. ಅಂಥ ಜನರ ಮುಂದೆ ನಿಂತು ವೈರಿಯನ್ನು ಪ್ರೀತಿಸಿ, ನಿಮ್ಮನ್ನು ಹಿಂಸಿಸುವವರಿಗಾಗಿ ಪ್ರಾರ್ಥಿಸಿ ಎಂದು ಹೇಳುವುದು ಸುಲಭದ ಮಾತಾಗಿರಲಿಲ್ಲ. ಕೇಳಿದವರ ಕಣ್ಣ ಮುಂದೆ ವೈರಿ ಎಂಬವನು ಹೆಸರು, ಮುಖ, ಆಯುಧ ಎಲ್ಲವೂ ಇದ್ದ ಮನುಷ್ಯನಾಗಿದ್ದ.

ಇದಕ್ಕೆ ಯೇಸು ಕೊಟ್ಟ ಕಾರಣ ಪ್ರಕೃತಿಯಿಂದ ಬಂದದ್ದು. ಬಿಸಿಲೂ ಮಳೆಯೂ ಒಳ್ಳೆಯವರ ಹೊಲ, ಕೆಟ್ಟವರ ಹೊಲ ಎಂದು ಭೇದ ಮಾಡುವುದಿಲ್ಲ. ದೇವರ ಕರುಣೆಯೂ ಹಾಗೆಯೇ ಇರುತ್ತದೆ. ಪ್ರೀತಿಸಿದವರನ್ನು ಮರಳಿ ಪ್ರೀತಿಸುವುದನ್ನು ಸುಂಕದವರೂ ಮಾಡುತ್ತಾರೆ, ಅದರಲ್ಲಿ ಹೆಚ್ಚಿನದೇನಿದೆ? ಹೀಗೆ ವಾದವನ್ನು ಬೆಳೆಸಿ, ಕೊನೆಗೆ ದೇವರು ಪರಿಪೂರ್ಣನಾಗಿರುವಂತೆ ನೀವೂ ಪರಿಪೂರ್ಣರಾಗಬೇಕು ಎಂಬಲ್ಲಿಗೆ ಆ ಭಾಗ ಮುಗಿಯುತ್ತದೆ.

ಇಲ್ಲಿ ಓದುವವರು ಬೆಚ್ಚಿಬೀಳುತ್ತಾರೆ. ಮನುಷ್ಯನಾದವನು ದೇವರಂತೆ ಪರಿಪೂರ್ಣನಾಗುವುದು ಎಲ್ಲಿಯ ಮಾತು?

'ಪರಿಪೂರ್ಣ' ಎಂದರೇನು?

ಸುವಾರ್ತೆಗಳು ನಮಗೆ ದೊರೆತಿರುವುದು ಗ್ರೀಕ್ ಭಾಷೆಯಲ್ಲಿ. ಪರಿಪೂರ್ಣ ಎಂಬುದಕ್ಕೆ ಅಲ್ಲಿರುವ ಪದ 'ತೆಲೆಯೋಸ್'. ಒಂದೂ ತಪ್ಪಿಲ್ಲದ್ದು ಎನ್ನುವುದಕ್ಕಿಂತ, ಬೆಳೆದು ತನ್ನ ಗುರಿ ಮುಟ್ಟಿದ್ದು, ಇಡಿಯಾದದ್ದು, ಪಕ್ವವಾದದ್ದು ಎಂಬ ಅರ್ಥ ಆ ಪದಕ್ಕೆ ಹೆಚ್ಚು ಹತ್ತಿರ. ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದರೆ ಸಿಗುವ ಕಮಲಾಪುರ ಕೆಂಬಾಳೆ ಹಣ್ಣಿಗೆ ಹೆಸರಾದ ಊರು. ಆ ಊರಿನ ರೈತರನ್ನು ಕೇಳಿ ನೋಡಿ, ಮೈಮೇಲೆ ಒಂದೂ ಕಲೆಯಿಲ್ಲದ ಕಾಯಿಗಿಂತ, ಒಂದೆರಡು ಕಲೆ ಇದ್ದರೂ ಹದವಾಗಿ ಮಾಗಿದ ಹಣ್ಣೇ ಮೇಲು ಎನ್ನುತ್ತಾರೆ. ಯೇಸು ಹೇಳಿದ ಪರಿಪೂರ್ಣತೆ ಹಣ್ಣಿನದು. ಲೂಕನ ಸುವಾರ್ತೆಯಲ್ಲಿ ಇದೇ ಬೋಧನೆ ಮತ್ತೆ ಬರುವಾಗ ಪರಿಪೂರ್ಣ ಎಂಬ ಪದದ ಜಾಗದಲ್ಲಿ ಕರುಣೆ ಇರುವವನು ಎಂಬ ಅರ್ಥದ ಪದವೇ ಬರುತ್ತದೆ ಎಂಬುದನ್ನೂ ಮರೆಯಬಾರದು.

ಪ್ರೀತಿ ಎಂಬ ಪದಕ್ಕೂ ಇಷ್ಟೇ ಎಚ್ಚರ ಬೇಕು. ಇಲ್ಲಿ ಬಳಕೆಯಾಗಿರುವ ಗ್ರೀಕ್ ಪದ 'ಅಗಾಪೆ'ಯ ವರ್ಗದ್ದು. ಗೆಳೆಯನ ಮೇಲಿನ ಸಲಿಗೆಯಾಗಲಿ, ತಾಯಿಗೆ ಮಗುವಿನ ಮೇಲಿರುವ ಮಮತೆಯಾಗಲಿ ತಾನಾಗಿ ಹುಟ್ಟುವಂಥದು. ಅದನ್ನು ಆಜ್ಞೆ ಮಾಡಿ ಬರಿಸಲಾಗದು. ಇನ್ನೊಬ್ಬನಿಗೆ ಒಳ್ಳೆಯದಾಗಲಿ ಎಂದು ಮನಸ್ಸು ಮಾಡಿ, ಅದರಂತೆ ನಡೆಯುವುದನ್ನು ಮಾತ್ರ ಆಜ್ಞೆ ಮಾಡಬಹುದು. ಹೀಗಾಗಿ ವೈರಿಯನ್ನು ಪ್ರೀತಿಸುವುದು ಎಂದರೆ ಅವನು ಮಾಡಿದ ಅನ್ಯಾಯವನ್ನು ನ್ಯಾಯವೆನ್ನುವುದಲ್ಲ. ಅನ್ಯಾಯವನ್ನು ಎದುರಿಸುತ್ತಲೇ ಅವನ ನಾಶವನ್ನು ಬಯಸದಿರುವುದು.

ಈ ವಿಚಾರಕ್ಕೆ ನಮ್ಮ ಭಾಗದೊಂದಿಗೆ ನೇರ ನಂಟಿದೆ. ಕಲಬುರಗಿ, ಬೀದರ್ ಸೀಮೆಯಲ್ಲಿ ಬಹುಕಾಲದಿಂದ ನೆಲೆಯೂರಿರುವ ಕ್ರೈಸ್ತ ಸಭೆಗಳಲ್ಲಿ ಮೆಥೋಡಿಸ್ಟ್ ಸಭೆ ಮುಖ್ಯವಾದದ್ದು. ಈ ಪಂಥಕ್ಕೆ ಮೂಲಪುರುಷ ಇಂಗ್ಲೆಂಡಿನ ಜಾನ್ ವೆಸ್ಲಿ (1703–1791). 'ಕ್ರೈಸ್ತ ಪರಿಪೂರ್ಣತೆ' ಎಂಬುದು ಆತ ಬದುಕಿನುದ್ದಕ್ಕೂ ವಿವರಿಸಿದ ವಿಷಯ. 1766ರಲ್ಲಿ ಅದರ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಪರಿಪೂರ್ಣನಾದ ಮನುಷ್ಯನಿಗೂ ಅಜ್ಞಾನ ಇರುತ್ತದೆ, ಕಾಯಿಲೆ ಬರುತ್ತದೆ, ತಿಳಿವಳಿಕೆಯಲ್ಲಿ ತಪ್ಪಾಗುತ್ತದೆ ಎಂದು ವೆಸ್ಲಿ ಒಪ್ಪುತ್ತಾನೆ. ಹೃದಯದಲ್ಲಿ ಪ್ರೀತಿಗೆ ವಿರುದ್ಧವಾದದ್ದು ಉಳಿಯದಿರುವುದೇ ಆತನ ಪ್ರಕಾರ ಪರಿಪೂರ್ಣತೆ. ಇದನ್ನು ಆತ ಕುರ್ಚಿಯಲ್ಲಿ ಕುಳಿತು ಬರೆದದ್ದಲ್ಲ. 1743ರಲ್ಲಿ ವೆನ್ಸ್‌ಬರಿ ಎಂಬ ಊರಿನಲ್ಲಿ ರೊಚ್ಚಿಗೆದ್ದ ಗುಂಪು ಆತನನ್ನು ಬೀದಿಬೀದಿಯಲ್ಲಿ ಎಳೆದಾಡಿತು. ಹೊಡೆತ ತಿನ್ನುತ್ತಲೂ ಶಾಂತವಾಗಿ ಮಾತಾಡುತ್ತಿದ್ದ ಆತನನ್ನು ಕೊನೆಗೆ ಕಾಪಾಡಿದವನು ಅದೇ ಗುಂಪಿನ ಮುಂದಾಳು. ಮುಂದೆ ಆ ಮುಂದಾಳು ವೆಸ್ಲಿಯ ಸಭೆಯನ್ನೇ ಸೇರಿದ.

ಕೋಟೆಯಲ್ಲಿ ಹುಟ್ಟಿದ ಹಗೆ

ಈಗ ಕೋಟೆಗೆ ಬರೋಣ. 1347ರಲ್ಲಿ ಅಲ್ಲಾವುದ್ದೀನ್ ಹಸನ್ ಬಹಮನ್ ಷಾ ದೆಹಲಿಯ ಹಿಡಿತದಿಂದ ಬಿಡಿಸಿಕೊಂಡು ಕಲಬುರಗಿಯನ್ನು ತನ್ನ ರಾಜಧಾನಿ ಮಾಡಿಕೊಂಡ. ಅದಕ್ಕೂ ಹಿಂದೆ ಇದ್ದ ಕೋಟೆಯನ್ನು ಬಹಮನಿಗಳು ಬಲಪಡಿಸಿದರು. ಸುತ್ತ ಅಗಲವಾದ ಕಂದಕ, ದಪ್ಪ ಗೋಡೆಗಳು, ಕೊತ್ತಲಗಳು, ನಡುವೆ ಬಾಲಾ ಹಿಸಾರ್, ಕೊತ್ತಲದ ಮೇಲೆ ಉದ್ದನೆಯ ತೋಪು. ಕೋಟೆಯೊಳಗಿನ ಜಾಮಿ ಮಸೀದಿ 1367ರಲ್ಲಿ ಕಟ್ಟಿದ್ದು. ಮಸೀದಿಗಳಲ್ಲಿ ಸಾಮಾನ್ಯವಾಗಿ ಇರುವ ಬಯಲು ಅಂಗಳ ಇಲ್ಲಿಲ್ಲ. ಇಡೀ ಕಟ್ಟಡವೇ ಕಮಾನುಗಳ ಮೇಲೆ, ಗುಮ್ಮಟಗಳ ಕೆಳಗೆ ನಿಂತಿದೆ. ಭಾರತದಲ್ಲಿ ಇಂಥದು ಅಪರೂಪ.

1367 ಎಂಬ ಇಸವಿಯನ್ನು ಗುರುತು ಹಾಕಿಕೊಳ್ಳಿ. ಮಸೀದಿಯ ಕಮಾನುಗಳು ಮೇಲೇಳುತ್ತಿದ್ದ ಆ ವರ್ಷಗಳಲ್ಲೇ ಬಹಮನಿ ಸುಲ್ತಾನ ಒಂದನೆಯ ಮಹಮದ್ ಷಾ (ಆಳ್ವಿಕೆ 1358–1375) ವಿಜಯನಗರದ ಬುಕ್ಕರಾಯನೊಂದಿಗೆ ಭೀಕರವಾದ ಯುದ್ಧ ಮಾಡುತ್ತಿದ್ದ. ಈ ಯುದ್ಧದ ವಿವರ ನಮಗೆ ಸಿಗುವುದು ಮುಖ್ಯವಾಗಿ ಫೆರಿಷ್ತಾ ಎಂಬ ಚರಿತ್ರೆಕಾರನಿಂದ. ಆತ ಬರೆದದ್ದು ವಿಜಾಪುರದಲ್ಲಿ, ಎರಡನೆಯ ಇಬ್ರಾಹಿಂ ಆದಿಲ್ ಷಾನ ಕಾಲದಲ್ಲಿ, ಎಂದರೆ ಘಟನೆ ನಡೆದು ಎರಡು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಆತ ಹೇಳುವ ಸತ್ತವರ ಸಂಖ್ಯೆಗಳಲ್ಲಿ ಉತ್ಪ್ರೇಕ್ಷೆ ಇದೆ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಈ ಎಚ್ಚರಿಕೆಯನ್ನು ಜೊತೆಗಿಟ್ಟುಕೊಂಡೇ ಆತನ ಕಥೆಯನ್ನು ಕೇಳಬೇಕು.

ಆತನ ಪ್ರಕಾರ ಜಗಳ ಹುಟ್ಟಿದ್ದು ಒಂದು ಸಂಗೀತದ ಸಭೆಯಲ್ಲಿ. ದೆಹಲಿಯಿಂದ ಬಂದ ಗಾಯಕರ ಹಾಡು ಕೇಳಿ ಅಮಲಿನಲ್ಲಿ ಮೈಮರೆತ ಸುಲ್ತಾನ, ಇವರ ಸಂಭಾವನೆಯನ್ನು ವಿಜಯನಗರದ ಅರಸನ ಬೊಕ್ಕಸದಿಂದ ಕೊಡಿಸಬೇಕೆಂದು ಹುಕುಂ ಬರೆಸಿದ. ಇದು ಬುಕ್ಕನನ್ನು ತನ್ನ ಕೈಕೆಳಗಿನ ಸಾಮಂತನಂತೆ ಕಾಣುವ ಹೀಯಾಳಿಕೆ. ಅತ್ತ ಅರಸ ಹುಕುಂ ತಂದವನನ್ನು ಕತ್ತೆಯ ಮೇಲೆ ಮೆರವಣಿಗೆ ಮಾಡಿಸಿ ಹಿಂದಕ್ಕಟ್ಟಿದ. ಸೈನ್ಯ ಕೂಡಿಸಿಕೊಂಡು ಮುದಗಲ್ಲಿನ ಕೋಟೆಗೆ ನುಗ್ಗಿ ಕಾವಲಿನವರನ್ನೆಲ್ಲ ಕೊಲ್ಲಿಸಿದ. ತಪ್ಪಿಸಿಕೊಂಡ ಒಬ್ಬನೇ ಒಬ್ಬ ಸುದ್ದಿಯನ್ನು ಕಲಬುರಗಿಗೆ ಮುಟ್ಟಿಸಿದ. ಸಂಗಾತಿಗಳೆಲ್ಲ ಸಾಯುವುದನ್ನು ಕಂಡೂ ಬದುಕಿ ಬಂದವನ ಮುಖ ನೋಡಲಾರೆ ಎಂದು ಸುಲ್ತಾನ ಅವನನ್ನೇ ಕೊಲ್ಲಿಸಿದ. ಅನಂತರ ಒಂದು ಲಕ್ಷ ಜನರನ್ನು ಕೊಲ್ಲುವವರೆಗೆ ಕತ್ತಿಯನ್ನು ಒರೆಗೆ ಸೇರಿಸುವುದಿಲ್ಲವೆಂದು ಆಣೆಯಿಟ್ಟ.

ಹೀಯಾಳಿಕೆಗೆ ಹೀಯಾಳಿಕೆ, ಅದಕ್ಕೆ ಕೊಲೆ, ಕೊಲೆಗೆ ಸಾವಿರ ಕೊಲೆ. ಹಗೆ ಬೆಳೆಯುವ ಲೆಕ್ಕ ಹೀಗೆಯೇ. ಇದನ್ನು ಬರೀ ಎರಡು ಧರ್ಮಗಳ ಜಗಳವೆಂದು ತಿಳಿಯುವುದೂ ಸರಿಯಲ್ಲ. ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಿನ ಫಲವತ್ತಾದ ರಾಯಚೂರು ದೋಆಬ್ ಯಾರಿಗೆ ಸೇರಬೇಕೆಂಬುದು ಈ ಎರಡು ರಾಜ್ಯಗಳ ನಡುವಿನ ಬಹುಕಾಲದ ವ್ಯಾಜ್ಯ. ಆದರೆ ದೊರೆಗಳ ವ್ಯಾಜ್ಯದಲ್ಲಿ ಸತ್ತವರು ಹೆಚ್ಚಾಗಿ ಹಳ್ಳಿಯವರು, ಹೆಂಗಸರು, ಮಕ್ಕಳು.

ಹಗೆಯ ನಡುವೆ ಇನ್ನೊಂದು ಆಣೆ

ತುಂಗಭದ್ರೆಯನ್ನು ದಾಟಿದ ಸುಲ್ತಾನನ ಸೈನ್ಯ ಊರೂರು ಹಾಳುಮಾಡುತ್ತ ವಿಜಯನಗರದವರೆಗೂ ಹೋಯಿತು. ಕೊನೆಗೆ ರಾಯ ಸಂಧಿಗೆ ರಾಯಭಾರಿಗಳನ್ನು ಕಳಿಸಿದ. ಗಾಯಕರ ಸಂಭಾವನೆ ಸಂದಾಯವಾಗಬೇಕೆಂಬ ಹಟವನ್ನು ಸುಲ್ತಾನ ಬಿಡಲಿಲ್ಲ. ರಾಯಭಾರಿಗಳು ಆ ಹಣವನ್ನು ಅಲ್ಲಿಯೇ ಕೊಟ್ಟರು. ತನ್ನ ಮಾತು ನಡೆಯಿತೆಂದು ಸುಲ್ತಾನ ಸಂತೋಷದಲ್ಲಿದ್ದಾಗ ಆ ರಾಯಭಾರಿಗಳು ಇನ್ನೊಂದು ಅರಿಕೆ ಮಾಡಿಕೊಂಡರು.

ಅವರ ಅರಿಕೆಯ ತಾತ್ಪರ್ಯ ಇದು. ತಪ್ಪು ಮಾಡಿದವನಿಗಾಗಿ ತಪ್ಪಿಲ್ಲದವರನ್ನು ಶಿಕ್ಷಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ. ಮುದಗಲ್ಲಿನಲ್ಲಿ ಅರಸನಿಂದ ಅಪರಾಧವಾಗಿದ್ದರೆ ಅದರಲ್ಲಿ ಬಡಬಗ್ಗರ, ಹೆಂಗಸರ, ಮಕ್ಕಳ ಪಾಲೇನಿತ್ತು? ನಿಮ್ಮ ರಾಜ್ಯವೂ ನಮ್ಮ ರಾಜ್ಯವೂ ಇನ್ನು ಮುಂದೆ ಬಹುಕಾಲ ನೆರೆಹೊರೆಯಾಗಿ ಇರಬೇಕಾದವು. ಯುದ್ಧ ಮತ್ತೆ ಬಂದರೂ ನಿರಾಯುಧರನ್ನು ಕೊಲ್ಲದಿರುವ ಒಂದು ಒಪ್ಪಂದ ನಮ್ಮ ನಡುವೆ ಇರಲಿ.

ಈ ಮಾತು ಸುಲ್ತಾನನ ಮನಸ್ಸಿಗೆ ನಾಟಿತು ಎನ್ನುತ್ತಾನೆ ಫೆರಿಷ್ತಾ. ಗೆಲುವಿನ ನಂತರ ಒಬ್ಬನೇ ಒಬ್ಬ ವೈರಿಯನ್ನೂ ಕೊಲ್ಲಿಸುವುದಿಲ್ಲವೆಂದು, ತನ್ನ ನಂತರ ಬರುವವರೂ ಇದಕ್ಕೆ ಬದ್ಧರಾಗಿರುವಂತೆ ಮಾಡುವೆನೆಂದು ಆತ ಆಣೆಯಿಟ್ಟ. ಸೆರೆಸಿಕ್ಕವರನ್ನು ಉಳಿಸುವ, ನಿರಾಯುಧ ಪ್ರಜೆಗಳ ರಕ್ತ ಹರಿಸದಿರುವ ಪದ್ಧತಿ ದಖನ್ನಿನಲ್ಲಿ ರೂಢಿಗೆ ಬಂದದ್ದು ಅಂದಿನಿಂದ ಎಂದು ಆತ ಬರೆಯುತ್ತಾನೆ.

ಗಮನಿಸಿ, ಮೊದಲ ಆಣೆ ಒಂದು ಲಕ್ಷ ಜನರನ್ನು ಕೊಲ್ಲುವ ಆಣೆ. ಎರಡನೆಯದು ಒಬ್ಬನನ್ನೂ ಕೊಲ್ಲದಿರುವ ಆಣೆ. ಎರಡನ್ನೂ ಇಟ್ಟವನು ಒಬ್ಬನೇ. ಈ ಚರಿತ್ರೆಯಿಂದ ಲಕ್ಷದ ಲೆಕ್ಕವನ್ನು ಎತ್ತಿ ಆಡುವವರು ಬಹಳ ಮಂದಿ ಇದ್ದಾರೆ. ಅದೇ ಕಥೆಯ ಕೊನೆಗೆ ಬರುವ ಎರಡನೆಯ ಆಣೆಯನ್ನು ನೆನೆಯುವವರು ಕಡಿಮೆ. ದೂರದರ್ಶನದಲ್ಲಿ ಕೆಲಸ ಮಾಡುವ ನನ್ನಂಥವರ ಪಾಡೂ ಹೆಚ್ಚು ಬೇರೆಯಲ್ಲ. ಕೋಟೆಯೊಳಗೆ ಹೋದ ಕ್ಯಾಮರಾ ತಾನಾಗಿ ತೋಪಿನ ಕಡೆಗೇ ತಿರುಗುತ್ತದೆ. ತೋಪನ್ನು ಚಿತ್ರಿಸಬಹುದು, ಕೊಟ್ಟ ಮಾತನ್ನು ಚಿತ್ರಿಸುವುದು ಹೇಗೆ?

ಇದು ಯೇಸು ಹೇಳಿದ ಪ್ರೀತಿಯೇ? ಅಲ್ಲ. ಸುಲ್ತಾನ ರಾಯನನ್ನು ಪ್ರೀತಿಸಲಿಲ್ಲ, ರಾಯ ಸುಲ್ತಾನನನ್ನು ಪ್ರೀತಿಸಲಿಲ್ಲ. ಆದರೆ ವೈರಿಯ ಮಗುವಿಗೂ ಬದುಕುವ ಹಕ್ಕಿದೆ ಎಂದು ಒಪ್ಪಿಕೊಳ್ಳುವುದು ಆ ದಾರಿಯ ಮೊದಲ ಮೆಟ್ಟಿಲು. ಹಗೆಗೆ ಒಂದು ಗಡಿ ಹಾಕಿದ್ದೇ ಇದರ ದೊಡ್ಡತನ. 1859ರಲ್ಲಿ ಇಟಲಿಯ ಸೊಲ್ಫೆರಿನೊ ರಣರಂಗದಲ್ಲಿ ಗಾಯಾಳುಗಳ ಗೋಳನ್ನು ಕಂಡ ಹೆನ್ರಿ ಡ್ಯೂನಾಂಟ್ ಎಂಬ ಜಿನೀವಾದ ಕ್ರೈಸ್ತ ವರ್ತಕ, ಎರಡೂ ಪಕ್ಷದ ಗಾಯಾಳುಗಳನ್ನು ಭೇದವಿಲ್ಲದೆ ನೋಡಿಕೊಳ್ಳಬೇಕೆಂದು ಹೋರಾಡಿದ. ಅದರಿಂದ ರೆಡ್‌ಕ್ರಾಸ್ ಹುಟ್ಟಿತು. 1864ರಲ್ಲಿ ಮೊದಲ ಜಿನೀವಾ ಒಪ್ಪಂದವಾಯಿತು. ಯುದ್ಧಕಾಲದಲ್ಲಿ ನಾಗರಿಕರ ರಕ್ಷಣೆಗೇ ಮೀಸಲಾದ ಒಪ್ಪಂದಕ್ಕೆ ರಾಷ್ಟ್ರಗಳು ಸಹಿ ಹಾಕಿದ್ದು 1949ರಲ್ಲಿ. ಅದೇ ವಿಚಾರವನ್ನು ತುಂಗಭದ್ರೆಯ ದಂಡೆಯಲ್ಲಿ ಸೋತ ಅರಸನ ರಾಯಭಾರಿಗಳು ಸುಮಾರು 580 ವರ್ಷ ಮೊದಲೇ ಎತ್ತಿದ್ದರು.

ಸುವಾರ್ತೆ ಓದಿದ ಸುಲ್ತಾನ

ಕಲಬುರಗಿಯಿಂದ ಆಳಿದ ಸುಲ್ತಾನರಲ್ಲಿ ಫಿರೋಜ್ ಷಾ (ಆಳ್ವಿಕೆ 1397–1422) ದೊಡ್ಡ ವಿದ್ಯಾಪ್ರೇಮಿ. ಹಲವು ಭಾಷೆ ಬಲ್ಲವನು; ನಕ್ಷತ್ರಗಳನ್ನು ನೋಡಲು ದೌಲತಾಬಾದಿನ ಬಳಿ ವೀಕ್ಷಣಾಲಯವೊಂದನ್ನು ಕಟ್ಟಿಸತೊಡಗಿದ್ದ. ಬೈಬಲಿನ ಹಳೆಯ ಒಡಂಬಡಿಕೆಯನ್ನೂ ಹೊಸ ಒಡಂಬಡಿಕೆಯನ್ನೂ ಆತ ಓದುತ್ತಿದ್ದನೆಂದು, ಎಲ್ಲ ಧರ್ಮಗಳ ತತ್ತ್ವಗಳನ್ನೂ ಗೌರವಿಸುತ್ತಿದ್ದನೆಂದು ಫೆರಿಷ್ತಾ ಹೇಳುತ್ತಾನೆ. ಬಳ್ಳಾರಿಯಲ್ಲಿ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ಬೈಬಲು ಕನ್ನಡಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕಿಂತ ನಾಲ್ಕು ಶತಮಾನ ಮೊದಲೇ ಸುವಾರ್ತೆಯ ಮಾತು ಕಲಬುರಗಿಯ ಅರಮನೆಯನ್ನು ಮುಟ್ಟಿತ್ತು ಎಂದಾಯಿತು. ಇದೇ ಫಿರೋಜನ ಕಾಲದಲ್ಲಿ ಸೂಫಿ ಸಂತ ಬಂದೇ ನವಾಜರೂ ಕಲಬುರಗಿಗೆ ಬಂದು ನೆಲೆಸಿದರು.

ಓದಿದ್ದರಿಂದ ಏನಾಯಿತು? 1406ರ ಯುದ್ಧದ ನಂತರದ ಸಂಧಿಯಲ್ಲಿ ದೇವರಾಯನ ಮಗಳನ್ನು ಫಿರೋಜ್ ಮದುವೆಯಾದ ಎಂದು ಚರಿತ್ರೆಕಾರ ಹೇಳುತ್ತಾನೆ. ವೈರಿಗಳು ಬೀಗರಾದರು. ಆದರೆ ಬೀಳ್ಕೊಡುವಾಗ ರಾಯ ತನ್ನನ್ನು ಬಿಡಾರದವರೆಗೂ ಬಂದು ಕಳಿಸಲಿಲ್ಲವೆಂದು ಸುಲ್ತಾನ ಮುನಿದುಕೊಂಡ. ಹೆಣ್ಣು ಕೊಟ್ಟು ತಂದ ನಂಟು ಅಷ್ಟು ಸಣ್ಣ ಮಾತಿಗೆ ಹಳಸಿತು. ಒಳ್ಳೆಯ ಗ್ರಂಥವನ್ನು ಓದುವುದು ಬೇರೆ, ಒಳಗಿನ ಅಹಂಕಾರವನ್ನು ಇಳಿಸುವುದು ಬೇರೆ.

ಆಣೆ ಮುರಿದ ಬಗೆ

1420ರ ಸುಮಾರಿಗೆ ಪಾನಗಲ್ಲಿನ ಬಳಿ ಫಿರೋಜನ ಸೈನ್ಯ ಸೋತಿತು. ಗೆದ್ದ ವಿಜಯನಗರದ ಸೈನಿಕರು ಸೋತವರನ್ನು ಕೊಂದು ತಲೆಗಳನ್ನು ಒಟ್ಟಿ ಕಟ್ಟೆ ಕಟ್ಟಿದರೆಂದು ಫೆರಿಷ್ತಾ ಬರೆಯುತ್ತಾನೆ. ಆಣೆಯನ್ನು ಬೇಡಿ ಪಡೆದ ಕಡೆಯವರೇ ಅದನ್ನು ಮರೆತರು. ಫಿರೋಜನ ತಮ್ಮ ಅಹಮದ್ ಷಾ ಪಟ್ಟಕ್ಕೆ ಬಂದವನೇ 1423ರಲ್ಲಿ ಸೇಡು ತೀರಿಸಿಕೊಳ್ಳಲು ಹೊರಟ; ಹಳೆಯ ಒಪ್ಪಂದವನ್ನು ಬದಿಗೊತ್ತಿ ಗಂಡಸರು, ಹೆಂಗಸರು, ಮಕ್ಕಳೆನ್ನದೆ ಕೊಲ್ಲಿಸಿದ. ಸುಮಾರು ಅರ್ಧ ಶತಮಾನ ಉಳಿದಿದ್ದ ಮಾತು ಮೂರು ನಾಲ್ಕು ವರ್ಷಗಳಲ್ಲಿ ಮಣ್ಣುಗೂಡಿತು.

ಅಹಮದ್ ಷಾ ಮುಂದೆ ರಾಜಧಾನಿಯನ್ನು ಬೀದರಿಗೆ ಬದಲಾಯಿಸಿದ. ಕೋಟೆಯ ವೈಭವ ಕಲಬುರಗಿಯನ್ನು ಬಿಟ್ಟು ಬೀದರಿನ ದಾರಿ ಹಿಡಿಯಿತು. ಆ ಕಡೆಗೆ ಹೋಗುವ ಇಂದಿನ ಹೆದ್ದಾರಿಯ ಮೇಲೇ ಕಮಲಾಪುರ, ಹೊಳಕುಂದಾ ಇವೆ. ಹೊಳಕುಂದಾದ ಹಳೆಯ ಗೋರಿಗಳು ಆ ಕಾಲಕ್ಕೆ ಸಾಕ್ಷಿಯಾಗಿ ನಿಂತಿವೆ. ಇನ್ನೊಂದು ಸಂಗತಿ ನಿಮಗೆ ಆಶ್ಚರ್ಯ ತಂದೀತು. ಬೀದರಿನ ಬಳಿ ಅಷ್ಟೂರಿನಲ್ಲಿರುವ ಇದೇ ಅಹಮದ್ ಷಾನ ಗೋರಿಗೆ ಇಂದು ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಒಬ್ಬರಿಗೆ ಆತ 'ವಲಿ', ಎಂದರೆ ಸಂತ; ಇನ್ನೊಬ್ಬರಿಗೆ ಅಲ್ಲಮಪ್ರಭುವಿನ ಅವತಾರ. ಉರುಸಿನಲ್ಲಿ ಕಲಬುರಗಿ ಜಿಲ್ಲೆಯಿಂದ ಬರುವ ಲಿಂಗಾಯತ ಜಂಗಮರು ಮುಖ್ಯ ಪಾತ್ರ ವಹಿಸುತ್ತಾರೆ. ಜನರ ನೆನಪು ಕತ್ತಿಯನ್ನು ಕೆಳಗಿಟ್ಟು ಸಂತನನ್ನು ಉಳಿಸಿಕೊಂಡಿತು. ಇದನ್ನು ಕ್ಷಮೆ ಎನ್ನಬೇಕೋ ಮರೆವು ಎನ್ನಬೇಕೋ, ನೀವೇ ಯೋಚಿಸಿ.

ಆದರ್ಶವನ್ನು ಮುರಿದವರು ಇವರಷ್ಟೇ ಅಲ್ಲ. ವೈರಿಯನ್ನು ಪ್ರೀತಿಸಬೇಕೆಂಬ ಬೋಧನೆಯನ್ನು ಹೊತ್ತ ಯೂರೋಪಿನ ಕ್ರೈಸ್ತ ಸೈನಿಕರು 1099ರಲ್ಲಿ ಯೆರೂಸಲೇಮನ್ನು ಹಿಡಿದಾಗ ಊರಿನ ಮುಸ್ಲಿಮರನ್ನೂ ಯಹೂದಿಗಳನ್ನೂ ಕೊಂದರು. ನಮ್ಮ ನೆರೆಯ ಗೋವೆಯಲ್ಲಿ 1560ರಿಂದ ಧರ್ಮವಿಚಾರಣೆಯ ಹೆಸರಿನಲ್ಲಿ ಕ್ರೌರ್ಯ ನಡೆಯಿತು. ಶರಣರ ಕಲ್ಯಾಣದಲ್ಲೂ ಹನ್ನೆರಡನೆಯ ಶತಮಾನದಲ್ಲಿ ರಕ್ತ ಹರಿಯಿತು. ಹಸು ಕದ್ದ ಕಳ್ಳರಿಗೆ ಕರುಗಳನ್ನೂ ಕಳಿಸಿಕೊಟ್ಟರೆಂದು ಜನ ಕಥೆ ಹೇಳುವ ಬಸವಣ್ಣನವರ ಊರಿನಲ್ಲೇ ಅದು ನಡೆಯಿತು.

ನಮ್ಮ ಅಜ್ಜ-ಮುತ್ತಜ್ಜಂದಿರ ಕಾಲದಲ್ಲಿ

ಇದೆಲ್ಲ ಹಳೆಯ ಕಾಲದ ಮಾತು ಎಂದು ತಳ್ಳಿಬಿಡಬೇಡಿ. 1947–48ರಲ್ಲಿ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿ ರಜಾಕಾರರ ಹಾವಳಿ ನಡೆಯಿತು. 1948ರ ಮೇ ತಿಂಗಳಲ್ಲಿ ಇಂದಿನ ಬೀದರ್ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡವನ್ನು ಈ ಭಾಗದ ಜನ ಮರೆತಿಲ್ಲ. ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತ ಸರ್ಕಾರಕ್ಕೆ ಶರಣಾಯಿತು. ಜನರಿಗೆ ಬಿಡುಗಡೆ ದೊರೆಯಿತು. ಆದರೆ ಆ ದಿನಗಳಲ್ಲೇ ಸೇಡಿನ ಬೆಂಕಿಯೂ ಎದ್ದಿತು. ರಜಾಕಾರರ ಪಾಪಕ್ಕೆ ರಜಾಕಾರರಲ್ಲದ ಸಾಮಾನ್ಯ ಮುಸ್ಲಿಮರು ಬಲಿಯಾದರು. ಪರಿಸ್ಥಿತಿಯನ್ನು ನೋಡಿ ಬರಲು ಕೇಂದ್ರ ಸರ್ಕಾರ ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಕಳಿಸಿದ ತಂಡ, ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ ಮತ್ತು ಬೀದರ್‌ಗಳನ್ನೂ ಹೆಸರಿಸಿತು. ಮುದಗಲ್ಲಿನಲ್ಲಿ ಅರಸ ಮಾಡಿದ ತಪ್ಪಿಗೆ ಬಡಬಗ್ಗರ ಪಾಲೇನು ಎಂದು ರಾಯಭಾರಿಗಳು ಕೇಳಿದ ಪ್ರಶ್ನೆ ಆರು ಶತಮಾನಗಳ ಬಳಿಕ ಅದೇ ನೆಲದಲ್ಲಿ ಮತ್ತೆ ಎದ್ದು ನಿಂತಿತ್ತು.

ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗದಿದ್ದ ಆ ವರದಿಯಲ್ಲಿ ಸಾವಿನ ಲೆಕ್ಕದ ಜೊತೆಗೆ ಇನ್ನೊಂದು ದಾಖಲೆಯೂ ಇದೆ. ಹಲವೆಡೆ ಹಿಂದೂಗಳು ತಮ್ಮ ಮುಸ್ಲಿಂ ನೆರೆಹೊರೆಯವರನ್ನು ಕಾಪಾಡಿದರು. ಮುಖ್ಯವಾಗಿ ಒಂದೇ ಕಸುಬಿನವರ ನಡುವೆ ಈ ಕಳಕಳಿ ಎದ್ದುಕಂಡಿತು. ಕೆಲವು ಊರುಗಳಲ್ಲಿ ಹಿಂದೂ ನೇಕಾರರು ಮುಸ್ಲಿಂ ನೇಕಾರರ ರಕ್ಷಣೆಗೆ ನಿಂತರು; ಹಾಗೆ ನಿಂತು ಪ್ರಾಣ ಕಳೆದುಕೊಂಡವರೂ ಇದ್ದರು. ಅವರ ಹೆಸರುಗಳು ನಮ್ಮ ಪಠ್ಯಪುಸ್ತಕಗಳಲ್ಲಿಲ್ಲ. ಅವರಲ್ಲಿ ಎಷ್ಟು ಮಂದಿ ಸುವಾರ್ತೆಯ ಹೆಸರನ್ನಾದರೂ ಕೇಳಿದ್ದರೋ! ಆದರೆ ತನ್ನವರೆಲ್ಲ 'ಇವನು ವೈರಿ' ಎಂದು ಬೆರಳು ಮಾಡಿದವನನ್ನು ಮನೆಯೊಳಗೆ ಕರೆದು ಬಾಗಿಲು ಹಾಕಿಕೊಂಡು, ತಾನು ಹೊಸ್ತಿಲಲ್ಲಿ ನಿಲ್ಲುವುದಕ್ಕಿಂತ ಆ ಬೋಧನೆಗೆ ಹತ್ತಿರವಾದ ನಡತೆ ಯಾವುದಿದೆ?

ಎಟುಕದ ಗುರಿಯಿಂದ ಏನು ಪ್ರಯೋಜನ?

ಇಷ್ಟೆಲ್ಲ ಮುರಿದುಬಿದ್ದ ಮೇಲೂ ಪರಿಪೂರ್ಣತೆಯ ಮಾತು ಯಾಕೆ ಬೇಕು ಎಂದು ನೀವು ಕೇಳಬಹುದು. ಕಾಲೇಜಿನಲ್ಲಿ ವಿಜ್ಞಾನ ಓದಿದವನಾದ ನಾನು ಅದಕ್ಕೆ ವಿಜ್ಞಾನದಿಂದಲೇ ಒಂದು ಉತ್ತರ ಕೊಡುತ್ತೇನೆ. ಮೈನಸ್ 273.15 ಡಿಗ್ರಿ ಸೆಲ್ಸಿಯಸ್ ಎಂಬುದು ಶೀತದ ಕೊನೆಯ ಗಡಿ. ಅದನ್ನು 'ನಿರಪೇಕ್ಷ ಶೂನ್ಯ' ಎನ್ನುತ್ತಾರೆ. ಯಾವ ಪ್ರಯೋಗಾಲಯವೂ ಅದನ್ನು ಮುಟ್ಟಿಲ್ಲ; ಎಷ್ಟು ಹೆಜ್ಜೆ ಇಟ್ಟರೂ ಮುಟ್ಟಲಾಗದು ಎಂದು ಭೌತಶಾಸ್ತ್ರದ ನಿಯಮವೇ ಹೇಳುತ್ತದೆ. ಆದರೂ ಕೆಲ್ವಿನ್ ಮಾಪನವೆಲ್ಲ ಆ ಬಿಂದುವಿನಿಂದಲೇ ಆರಂಭವಾಗುತ್ತದೆ. ಅದರ ಕಡೆಗೆ ಇಟ್ಟ ಒಂದೊಂದು ಹೆಜ್ಜೆಯಿಂದಲೂ ಹೊಸ ವಿಜ್ಞಾನ ಹುಟ್ಟಿದೆ. ಮುಟ್ಟಲಾರದ ಗುರಿ ಇರುವುದರಿಂದಲೇ ನಾವು ಎಲ್ಲಿದ್ದೇವೆ ಎಂಬುದು ನಮಗೆ ತಿಳಿಯುತ್ತದೆ.

ವೈರಿಯನ್ನು ಪ್ರೀತಿಸುವ ಆದರ್ಶವೂ ಅಂಥ ಬಿಂದು. ಅದು ಇಲ್ಲದಿದ್ದರೆ ಮುದಗಲ್ಲು, ಪಾನಗಲ್ಲು, ಗೋರಟಾ ಎಲ್ಲವೂ 'ಯುದ್ಧದಲ್ಲಿ ಇದೆಲ್ಲ ಇದ್ದದ್ದೇ' ಎಂದು ಮುಗಿದುಹೋಗುತ್ತಿದ್ದವು. ಅದು ಇರುವುದರಿಂದ ನಾವು ನಾಚುತ್ತೇವೆ, ಗಡಿ ಹಾಕಿಕೊಳ್ಳುತ್ತೇವೆ, ಮುರಿದ ಮೇಲೂ ಮತ್ತೆ ಒಪ್ಪಂದ ಮಾಡಿಕೊಳ್ಳುತ್ತೇವೆ.

ಒಮ್ಮೊಮ್ಮೆ ಯಾರಾದರೂ ಆ ಬಿಂದುವಿನ ತೀರ ಹತ್ತಿರಕ್ಕೆ ಹೋಗುತ್ತಾರೆ. ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದಾಗ ಬೆಟ್ಟದ ಮೇಲಿನ ಬೋಧನೆಯನ್ನು ಓದಿ ಅದು ಹೃದಯವನ್ನು ಮುಟ್ಟಿತೆಂದು ಗಾಂಧೀಜಿ ಹೇಳಿಕೊಂಡಿದ್ದಾರೆ. 1908ರ ಫೆಬ್ರವರಿ 10ರಂದು ಜೊಹಾನ್ಸ್‌ಬರ್ಗಿನಲ್ಲಿ ಮೀರ್ ಆಲಂ ಮತ್ತು ಆತನ ಸಂಗಡಿಗರು ಅವರನ್ನು ಪ್ರಜ್ಞೆ ತಪ್ಪುವಂತೆ ಹೊಡೆದರು. ಎಚ್ಚರವಾದ ಕೂಡಲೇ ಗಾಂಧೀಜಿ ಕೇಳಿದ್ದು ಹೊಡೆದವರ ವಿಷಯ, ಅವರನ್ನು ಬಿಟ್ಟುಬಿಡಬೇಕೆಂದರು. ಗಾಯಗೊಂಡ ಅವರನ್ನು ಮನೆಗೆ ಕರೆದೊಯ್ದು ಆರೈಕೆ ಮಾಡಿದವರು ಜೋಸೆಫ್ ಡೋಕ್ ಎಂಬ ಕ್ರೈಸ್ತ ಪಾದ್ರಿ. ಮುಂದೆ ಮೀರ್ ಆಲಂ ತನ್ನ ತಪ್ಪು ತಿಳಿದು ಗಾಂಧೀಜಿಯ ಪರವಾಗಿ ನಿಂತ.

ನೀವು ಕಲಬುರಗಿಗೆ ಹೋದರೆ ಕೋಟೆಯನ್ನು ನೋಡದೆ ಬರಬೇಡಿ. ತೋಪನ್ನು ನೋಡಿ, ಕಂದಕವನ್ನು ನೋಡಿ. ಜಾಮಿ ಮಸೀದಿಯ ಕಮಾನುಗಳ ಕೆಳಗೆ ನಿಂತಾಗ 1367ರ ಸುಮಾರಿಗೆ ಆದ ಆ ಎರಡನೆಯ ಆಣೆಯನ್ನೂ ನೆನಪಿಸಿಕೊಳ್ಳಿ. ಗೋಡೆ ಒಮ್ಮೆ ಕಟ್ಟಿದರೆ ಶತಮಾನಗಳ ಕಾಲ ನಿಲ್ಲುತ್ತದೆ. ಆಣೆಯನ್ನು ಮಾತ್ರ ಪ್ರತಿಯೊಂದು ತಲೆಮಾರೂ ಹೊಸದಾಗಿ ಇಡಬೇಕು. ಈಗ ಸರದಿ ನಿಮ್ಮದು.

ಚರ್ಚೆಗೆ ಕೆಲವು ಪ್ರಶ್ನೆಗಳು

1. ಒಬ್ಬನ ತಪ್ಪಿಗೆ ಅವನ ಜಾತಿ, ಊರು ಅಥವಾ ಧರ್ಮದವರನ್ನೆಲ್ಲ ಹೊಣೆ ಮಾಡುವ ರೂಢಿ ಇಂದು ಎಲ್ಲೆಲ್ಲಿ ಕಾಣುತ್ತದೆ? ನಿಮ್ಮ ತರಗತಿಯಿಂದಲೇ ಉದಾಹರಣೆ ಕೊಡಿ.

2. ಅನ್ಯಾಯವನ್ನು ಎದುರಿಸುವುದಕ್ಕೂ ಅನ್ಯಾಯ ಮಾಡಿದವನನ್ನು ದ್ವೇಷಿಸುವುದಕ್ಕೂ ಇರುವ ವ್ಯತ್ಯಾಸವೇನು? ನ್ಯಾಯಾಲಯದ ಶಿಕ್ಷೆ ಮತ್ತು ಸೇಡು ಒಂದೇ ಆಗುತ್ತವೆಯೇ?

3. ಹಳೆಯ ಚರಿತ್ರೆಯ ಗ್ರಂಥಗಳು ಕೊಡುವ ಸಂಖ್ಯೆಗಳನ್ನು ಓದುವಾಗ ನಾವು ಯಾವ ಯಾವ ಎಚ್ಚರ ವಹಿಸಬೇಕು?

4. 1948ರಲ್ಲಿ ನೆರೆಯವರನ್ನು ಕಾಪಾಡಿದವರ ಕಥೆ ನಿಮ್ಮ ಮನೆಯ ಹಿರಿಯರ ನೆನಪಿನಲ್ಲಿ ಉಳಿದಿದೆಯೇ? ಕೇಳಿ, ಬರೆದಿಡಿ. ಚರಿತ್ರೆಯ ಪುಸ್ತಕ ಬಿಟ್ಟುಹೋದ ಪುಟವನ್ನು ತುಂಬುವ ಕೆಲಸ ಅದು.